ಗೋಪಾಲ್ ಟೈಲ್ಸ್

ಬಾಣೇರದ ಈ ಅಂಗಡಿಯೊಳಗ
ಹನ್ನೊಂದು ದಿನ ಮೊಣಕಾಲೂರಿದ್ದೆ ನಾನು.
ಆಗ ಇಲ್ಲೆ ಬಾಗಲಾ ಇರಲಿಲ್ಲ, ಎ.ಸಿ. ಇರಲಿಲ್ಲ,
ಸಿಮೆಂಟಿನ ಚೀಲದ ಮ್ಯಾಲ ಕುಂತು
ಕಟಕ ರೊಟ್ಟಿ ಮುರಕೊಂಡು ತಿಂದಿದ್ದೆ.

ಇವತ್ತ ಐತವಾರ. ಇಸ್ತ್ರಿ ಅಂಗಿ.
ಮಗಳು ಪ್ರಾಜಕ್ತಾ,
ಬಾಜೂ ಮನಿಯವರನ್ನ ಕೇಳಿ ಅವರವ್ವ ಇಟ್ಟ ಹೆಸರು,
ನನ್ನ ನಾಲಿಗಿ ಇನ್ನೂ ಅದರಾಗ ಎಡವತೈತಿ,
'ನೀ ಹಾಸಿದ ನೆಲ ತೋರಸು' ಅಂದ್ಳು.
ನೆಲ ನೋಡಾಕ ಬರ್ಗರ್ ತಗೋಬೇಕಾತು.

ಗಾಜಿನ ಬಾಗಲಾ ನೂಕಬೇಕೋ ಎಳೀಬೇಕೋ
ನಾ ವಿಚಾರ ಮಾಡೂದರಾಗ
ಆಕಿ ಭುಜಲೆ ನೂಕಿ ಒಳಗ ಹೋಗಿದ್ಳು.

'ನಾಮ್, ಸರ್?' ಅಂದ ಕೌಂಟರಿನ ಹುಡುಗ.
ಗೊಲ್ಲಾಳಪ್ಪ, ಅಂದೆ.
ಅವನ ಬೆರಳು ಪರದೆ ಮ್ಯಾಲ ಗಾಳ್ಯಾಗ ನಿಂತ್ವು.
ಗೊ-ಲ್ಲಾ-ಳಪ್ಪ, ಮತ್ತೊಮ್ಮೆ ಅಂದೆ,
ನಾಕಾದಾಗ ಮುಕಾದಮಗ ಹೇಳಿದಂಗ ಒದರಿ.
'ಓಕೆ ಸರ್' ಅಂತ ನಕ್ಕ.
ಆರುನೂರ ನಲವತ್ತು. ನನ್ನ ಮುಕ್ಕಾಲು ದಿನ.

'ಗೋಪಾಲ್ ಸರ್!' ಅಂತ ಕೂಗಿದ್ರು. ಯಾರೂ ಏಳಲಿಲ್ಲ.
'ಗೋಪಾಲ್ ಸರ್, ಆರ್ಡರ್ ರೆಡಿ!'
ಯಾವನಪ್ಪಾ ಇಂವ ಗೋಪಾಲ,
ಬಿಸೀದು ಆರಾಕ ಬಿಟ್ಟು ಎಲ್ಲಿ ಹೋಗ್ಯಾನ ಅಂತ
ಸುತ್ತ ಹೊಳ್ಳಿ ನೋಡಿದೆ.
ಮೂರನೇ ಸಲಕ್ಕ ಮಗಳು ಎದ್ದ್ಳು:
'ಅಪ್ಪಾ, ಗೋಪಾಲ ನೀನ.'

ಬರ್ಗರ್ ಬಗ್ಗೆ ಹೆಚ್ಚಿಗಿ ಹೇಳೂದಿಲ್ಲ.
ಬಾಯಿಗಿಂತ ದೊಡ್ಡದು.
ಈ ಕಡೆ ಕಚ್ಚಿದ್ರ ಆ ಕಡಿಂದ ಜಾರತೈತಿ,
ಲೆವಲ್ ತಪ್ಪಿದ ಕೆಲಸ.
ಆಲೂಗಡ್ಡಿ ಕಡ್ಡಿ ಛಲೋ ಇದ್ವು, ಎಣಿಸಿದ್ರ ಹದಿನೇಳು.

ಆದರ ಆ ಕಸ್ಟರ್ಡ್!
ಕೊಟ್ಟಾಕಿ ಒಬ್ಬ ಹುಡುಗಿ, ದೂರದ ಗುಡ್ಡದ ಸೀಮಿಯಾಕಿ.
ಎದಿ ಪಟ್ಟಿಯೊಳಗ 'ಪಿಂಕಿ' ಅಂತಿತ್ತು,
ಗೆಳತಿ ಕರದದ್ದು ಬ್ಯಾರೆ ಏನೋ, ಉದ್ದಂದು.
ಕಪ್ ತುಂಬಿದ್ಳು. ಕೊಡೂ ಮುಂಚೆ
ತಲಿಕೆಳಗ ಮಾಡಿ ಹಿಡದ್ಳು.
ಬಿದ್ದೀತಂತ ನಾ ಬೊಗಸಿ ಒಡ್ಡಿದೆ.
ಒಂದು, ಎರಡು, ಮೂರು, ಎಣಿಸಿದ್ಳು. ಬೀಳಲಿಲ್ಲ.

ಈ ಪರೀಕ್ಷಾ ನನಗ ಗೊತ್ತಿತ್ತು.
ಮಾಲು ಕಲಿಸಿ, ಥಾಪಿ ಮ್ಯಾಲ ತಗೊಂಡು
ಬೋರಲ ಮಾಡತೀವಿ ನಾವೂ.
ಅಂಟಿ ನಿಂತ್ರ ಹದ. ಜಾರಿದ್ರ ನೀರ ಹೆಚ್ಚ.
'ಹದ ಬಂದೈತಿ ತಂಗಿ' ಅಂದೆ, ಕನ್ನಡದಾಗ.
ಆಕಿಗಿ ಏನ ತಿಳೀತೋ, 'ಥ್ಯಾಂಕ್ಯೂ ಸರ್' ಅಂದ್ಳು.

ನಾಲಿಗಿ ಮ್ಯಾಲ ಇಟ್ರ ಗಿಣ್ಣ,
ಯಾಲಕ್ಕಿ ಹಾಕೂದು ಮರತ ಗಿಣ್ಣ.
'ಗಿಣ್ಣ ಅಂದ್ರ?' ಕೇಳಿದ್ಳು ಮಗಳು.
ಇದ, ಅಂದೆ. ಬರ್ಫ ಇಲ್ಲದ ಇದ.

ಆಮ್ಯಾಲ ಆಕಿ ನೆಲ ನೋಡಿದ್ಳು.
ಬೂದಿ ಬಣ್ಣದ ಎರಡ ಫೂಟಿನ ಟೈಲ್ಸು,
ಸಂದಿ ದಾರದಷ್ಟು ಸಣ್ಣ.
'ಎಲ್ಲಾ ನೀನ?'
ಎಲ್ಲಾ ನಾನ.

ಕೈತೊಳಿಯೂ ಬೇಸಿನ್ನಿನ ಮುಂದಿಂದೂ ನಾನ.
ಅದನ್ನ ಹೇಳಲಿಲ್ಲ.
ಕಡೀ ರಾತ್ರಿ, ಮುಂಜಾನೆದ್ರ ಉದ್ಘಾಟನಾ,
ಕಾಂಟ್ರ್ಯಾಕ್ಟರ್ ತಲಿ ಮ್ಯಾಲ ನಿಂತಿದ್ದ,
ನಾಲ್ಕ ಮೂಲಿಗಷ್ಟ ಮಾಲ ಹಚ್ಚಿ ಕೂರಿಸಿದ್ದೆ.
ನಡಬರಕ ಪೊಳ್ಳು.
ಮಂದಿ ಕೈತೊಳಕೊಂಡು ಬರ್ತಿದ್ರು,
ಸೆಂಟಿನ ವಾಸನಿ, ಹೊಸಾ ಬೂಟು,
ಒಬ್ಬೊಬ್ಬರು ದಾಟಿದಾಗ
ಟೊಕ್.
ಆ ಹಾಡಿನ ಗದ್ದಲದಾಗ ಯಾರಿಗೂ ಕೇಳಲಿಲ್ಲ.
ನನಗ ಹಾಡ ಕೇಳಲಿಲ್ಲ.

ಬಾಗಲದಾಗ ಒಂದ ಮಶೀನು:
ಅನುಭವ ಹೆಂಗಿತ್ತು?
ಐದು ಮಾರಿ, ಅಳೂದರಿಂದ ನಗೂತನಕ.
ಮಗಳು ನಗೂ ಮಾರಿ ಒತ್ತಿದ್ಳು.
ನಾ ಕೌಂಟರಿಗೆ ಹೊಳ್ಳಿ ಹೋದೆ.
ನನ್ನ ಮುರಕ ಹಿಂದಿಯೊಳಗ ಹೇಳಿದೆ,
ಬೇಸಿನ್ ಮುಂದಿನ ಟೈಲ್ಸ್ ಮಳಿಗಾಲ ದಾಟೂದಿಲ್ಲ,
ಫೋನ್ ಮಾಡ್ರಿ, ರೊಕ್ಕ ಬ್ಯಾಡ.
ಹುಡುಗ ಗಾಬರ್ಯಾದ: 'ಸರ್, ಖಾನಾ ಕೈಸಾ ಥಾ?'
ಖಾನಾ ಛಲೋ ಇತ್ತಪ್ಪಾ. ಟೈಲ್ಸ್ ಪೊಳ್ಳ ಐತಿ.

ಅವ ಬಿಲ್ಲಿನ ಹಿಂದ ನನ್ನ ನಂಬರ್ ಬರದ.
ಅದರ ಮ್ಯಾಲ, ದುಂಡಗ: ಗೋಪಾಲ್ ಟೈಲ್ಸ್.
ತಿದ್ದಾಕ ಬಾಯಿ ತೆರದೆ.
ಹಿಂದ ಯಾರೋ ಕೈ ತೊಳಿಯಾಕ ಹೊಂಟ್ರು.
ಟೊಕ್.